ಹೇಳಿದ ದಿನಕ್ಕೆ ಬಟ್ಟೆ

ದರ್ಜಿ ಹೇಳಿದ ದಿನಕ್ಕೆ ಬಟ್ಟೆ ಕೊಡಲ್ಲ ಅನ್ನೋದು ಊರಿಗೆಲ್ಲ ಗೊತ್ತು. ನಮ್ಮ ದಾವಣಗೆರೆ ಗಿರಾಕಿಗಳು ಅದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಮದುವೆ ಭಾನುವಾರ ಇದ್ದರೆ ನಮ್ಮ ಹತ್ತಿರ ಗುರುವಾರ ಅಂತಾರೆ. ನಾವೇನು ಕಮ್ಮಿಯೇ, ಗುರುವಾರ ಅಂದವರಿಗೆ ಶನಿವಾರ ಕೊಟ್ಟರೂ ನಡೆಯುತ್ತೆ ಅಂದುಕೊಳ್ಳುತ್ತೇವೆ. ಎರಡೂ ಕಡೆ ಸುಳ್ಳು, ವ್ಯಾಪಾರ ಸುಸೂತ್ರ.

ಇದು ಸಾಕು ಅನ್ನಿಸಿದ್ದು ನನ್ನ ಮಗನಿಂದ. ಶಾಲೆ ರಜೆಯಲ್ಲಿ ಅಂಗಡಿಗೆ ಬಂದು ಕೂರುತ್ತಿದ್ದ. ಒಂದು ದಿನ ಫೋನ್ ರಿಂಗಾಯಿತು, ನಾನು ಏನೂ ಹೇಳಿಕೊಟ್ಟಿರಲಿಲ್ಲ, ಅವನೇ ಎತ್ತಿ ‘ಕಾಜಾ ಒಂದು ಬಾಕಿ ಐತ್ರಿ, ಸಂಜಿಗೆ ಬರ್ರಿ’ ಅಂದ. ಕಾಜಾ ಅಂದರೆ ಗುಂಡಿ ತೂರೋ ತೂತು, ಹೊಲಿಗೆಯ ಕೊನೆ ಕೆಲಸ. ಆ ಶರ್ಟಿನ ಬಟ್ಟೆ ಇನ್ನೂ ಕತ್ತರಿ ಕಂಡಿರಲಿಲ್ಲ. ಹುಡುಗ ಕಸುಬಿಗಿಂತ ಮೊದಲು ಕಸುಬಿನ ಮಾತು ಕಲಿತಿದ್ದ.

ಇನ್ಮೇಲೆ ನಿಜ ಹೇಳಬೇಕು ಅಂತ ನಿರ್ಧಾರ ಮಾಡೋದು ಸುಲಭ. ಆದರೆ ಗಿರಾಕಿ ಎದುರಿಗೆ ನಿಂತು ‘ಯಾವಾಗ ಕೊಡ್ತೀಯಣ್ಣ?’ ಅಂದಾಗ ನನಗೇ ಉತ್ತರ ಗೊತ್ತಿರುತ್ತಿರಲಿಲ್ಲ. ಅಳತೆ ಪುಸ್ತಕದಲ್ಲಿ ಎದೆ, ಸೊಂಟ, ತೋಳು ಎಲ್ಲ ಇಂಚು ಇಂಚಾಗಿ ಇದೆ, ನನ್ನ ದಿನದ ಅಳತೆ ಮಾತ್ರ ಎಲ್ಲೂ ಇಲ್ಲ. ಅದಕ್ಕೆ ಗೋಡೆಗೆ ದಿನಕ್ಕೊಂದು ದೊಡ್ಡ ಚೌಕದ ಮನೆಯಿರುವ ಕ್ಯಾಲೆಂಡರ್ ಒಂದನ್ನು ತೂಗುಹಾಕಿದೆ. ನಾನು, ಒಬ್ಬ ಕಾರಿಗರ, ಇಬ್ಬರಿಂದ ದಿನಕ್ಕೆ ಐದು ಪೀಸ್ ಆಗುತ್ತೆ. ಕಾಲರ್ ಬಿರುಸಾಗಿ ನಿಲ್ಲಲು ಒಳಗೆ ಬಕ್ರಮ್ ಬಟ್ಟೆ ಇಟ್ಟು, ಕಾಜಾ ಗುಂಡಿ ಮುಗಿಸಿ, ಇಸ್ತ್ರಿ ಮಾಡಿ ಮಡಚಿಟ್ಟರೆ ಮಾತ್ರ ಒಂದು ಪೀಸ್. ಬಿಲ್ ಬರೆಯುವಾಗಲೇ ಬಟ್ಟೆ ಕೊಡೋ ದಿನದ ಮನೆಯಲ್ಲಿ ಬಿಲ್ ನಂಬರ್ ಹಾಕುತ್ತೇನೆ. ಮೊದಲು ನೀರಿಗೆ ಹಾಕಿ ಒಣಗಿಸಬೇಕಾದ ಕಾಟನ್ ಆದರೆ ಒಂದು ದಿನ ಮುಂದೆ. ಐದು ತುಂಬಿತೋ, ಮನೆಗೆ ಅಡ್ಡಗೆರೆ.

‘ಮದ್ವಿ ಐತಣ್ಣ, ಗುರುವಾರ ಬೇಕೇ ಬೇಕು.’

‘ಗುರುವಾರ ತುಂಬೈತಿ, ನೋಡ್ರಿ ಇಲ್ಲಿ. ಶನಿವಾರ ಸಂಜಿ ಆರಕ್ಕ ಕೊಡ್ತೀನಿ.’

ಮೊದಮೊದಲು ಕೆಲವರು ಬಟ್ಟೆ ಎತ್ತಿಕೊಂಡು ಪಕ್ಕದ ಅಂಗಡಿಗೆ ಹೋದರು. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾದೀತು. ಶಾಲೆ ಶುರುವಾಗೋ ಜೂನ್ ತಿಂಗಳು, ಯೂನಿಫಾರ್ಮ್ ಸೀಜನ್, ಬಂದ ಕೆಲಸ ವಾಪಸ್ ಕಳಿಸೋದಕ್ಕೆ ಗುಂಡಿಗೆ ಬೇಕು. ಆದರೆ ಗೋಡೆ ಮೇಲಿನ ಅಡ್ಡಗೆರೆ ಕಣ್ಣಿಗೆ ಕಾಣುವುದರಿಂದ ಜಗಳ ಕಡಿಮೆಯಾಯಿತು. ನಾನು ಇಲ್ಲ ಅಂದರೆ ಅದು ಸೊಕ್ಕು, ಕ್ಯಾಲೆಂಡರ್ ಇಲ್ಲ ಅಂದರೆ ಜನ ಒಪ್ಪುತ್ತಾರೆ!

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 13 ಗುಣಗಳ ಪಟ್ಟಿ ಮಾಡಿಕೊಂಡು, ವಾರಕ್ಕೊಂದು ಗುಣದ ಮೇಲೆ ಗಮನವಿಟ್ಟು, ತಪ್ಪಿದಾಗೆಲ್ಲ ಪುಟ್ಟ ಪುಸ್ತಕದಲ್ಲಿ ಕಪ್ಪು ಚುಕ್ಕೆ ಇಡುತ್ತಿದ್ದ. ಆತನೂ ಅಂಗಡಿಯವನೇ, ಪ್ರಿಂಟಿಂಗ್ ಪ್ರೆಸ್ ಇಟ್ಟಿದ್ದ. ಎಲ್ಲಕ್ಕಿಂತ ಆತನನ್ನು ಸತಾಯಿಸಿದ್ದು ಅಚ್ಚುಕಟ್ಟುತನ ಅನ್ನೋ ಗುಣವಂತೆ. ಗಿರಾಕಿಗಳು ತಮಗೆ ಬಿಡುವಾದಾಗ ಬರುತ್ತಾರೆ, ಯಜಮಾನನ ವೇಳಾಪಟ್ಟಿ ಕೇಳುವವರು ಯಾರು? ಓದಿ ನಕ್ಕೆ. ಆತನಿದ್ದ 18ನೇ ಶತಮಾನದ ಫಿಲಡೆಲ್ಫಿಯಾಕ್ಕೂ ನಮ್ಮ ಚೌಕಿಪೇಟೆಗೂ ಆ ವಿಷಯದಲ್ಲಿ ವ್ಯತ್ಯಾಸವಿಲ್ಲ. ಹದಿಮೂರು ನನ್ನ ಕೈಲಿ ಆಗೋ ಮಾತಲ್ಲ. ಒಂದೇ ಹಿಡಿದೆ. ರಾತ್ರಿ ಷಟರ್ ಎಳೆಯುವ ಮೊದಲು ಆ ದಿನದ ನಂಬರುಗಳ ಮುಂದೆ ಕೊಟ್ಟಿದ್ದಕ್ಕೆ ಟಿಕ್, ತಪ್ಪಿದ್ದಕ್ಕೆ ಸೊನ್ನೆ. ಸೊನ್ನೆ ಬಿದ್ದವರಿಗೆ ಅವರು ಬರೋ ಮೊದಲೇ ನಾನೇ ಫೋನ್ ಮಾಡಬೇಕು. ಸೊನ್ನೆ ಕಡಿಮೆ ಮಾಡಿದ್ದು ಈ ಫೋನಿನ ನಾಚಿಕೆ.

ಉಳಿದ ಅಭ್ಯಾಸಗಳು ಇದರ ಹಿಂದೆ ತಾವಾಗಿ ಬಂದವು. ಕಟಿಂಗ್ ಎಲ್ಲ ಬೆಳಿಗ್ಗೆ ಏಳಕ್ಕೆ, ಅರ್ಧ ಷಟರ್ ಇಳಿಸಿಕೊಂಡು, ಫೋನನ್ನು ಟೇಬಲ್ ಖಾನೆಯಲ್ಲಿ ಹಾಕಿ. ಮಾತಾಡುತ್ತಾ ಹೊಲಿಯಬಹುದು, ಮಾತಾಡುತ್ತಾ ಕತ್ತರಿಸಬಾರದು. ಹೊಲಿಗೆ ತಪ್ಪಿದರೆ ಬಿಚ್ಚಬಹುದು. ರಾತ್ರಿ ಮೆಷೀನಿಗೆ ಎರಡು ತೊಟ್ಟು ಎಣ್ಣೆ, ನಾಳೆಯ ಬಣ್ಣಗಳಿಗೆ ಬಾಬಿನ್ ಸುತ್ತಿಡೋದು, ಪ್ಯಾಂಟ್ ಇದ್ದರೆ 16ರ ದಪ್ಪ ಸೂಜಿ ಹಾಕಿಡೋದು. ಉಳಿದ ಬಟ್ಟೆಯನ್ನು, ಅಂಗೈಯಗಲ ಇದ್ದರೂ, ಸುರುಳಿ ಸುತ್ತಿ ಶರ್ಟಿನ ಜೇಬಿಗೆ ಸೇರಿಸೋದು. ವಾಕಿಂಗ್, ಯೋಗದ ಬಗ್ಗೆ ಕೇಳಬೇಡಿ, ಅವು ಇನ್ನೂ ಬಾಯಲ್ಲೇ ಇವೆ.

ಮನೆಯಲ್ಲೂ ಇದು ತಟ್ಟಿತು. ‘ಭಾನುವಾರ ಹೋಗೋಣ’ ಅಂತ ನಾನು ಅಂದದ್ದನ್ನು ಮನೆಯವಳು ಒಂದು ದಿನ ಅಂಗಡಿಗೇ ಬಂದು, ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ‘ಹರಿಹರ, ತವರು’ ಅಂತ ಬರೆದು ಹೋದಳು. ಬಿಲ್ ನಂಬರ್ ಇಲ್ಲದ ಆರ್ಡರ್. ಟಿಕ್ ಹಾಕಲೇಬೇಕಾಯಿತು.

ಇನ್ನೂ ಬಗೆಹರಿಯದಿದ್ದದ್ದು ಬೀಗರು, ನೆಂಟರು. ಹಬ್ಬದ ಹಿಂದಿನ ದಿನ ಬಟ್ಟೆ ಹಿಡಿದು ಬಂದರೆ ಅವರಿಗೆ ಕ್ಯಾಲೆಂಡರ್ ತೋರಿಸಲಾದೀತೇ? ಅದಕ್ಕೆ ಈಗ ಐದರಲ್ಲಿ ಒಂದು ಜಾಗ ಖಾಲಿ ಬಿಡುತ್ತೇನೆ. ಮಧ್ಯಾಹ್ನದವರೆಗೂ ಯಾರೂ ಬರದಿದ್ದರೆ ನಾಳೆಯ ಪೀಸ್ ಒಂದನ್ನು ಅಲ್ಲಿಗೆ ಎಳೆದುಕೊಳ್ಳುತ್ತೇವೆ. ದೀಪಾವಳಿಗೆ ಮಾತ್ರ ಆ ರಿಯಾಯಿತಿಯೂ ಇಲ್ಲ. ಹದಿನೈದು ದಿನ ಮೊದಲೇ ‘ಆರ್ಡರ್ ಬಂದ್’ ಬೋರ್ಡ್ ಬೀಳುತ್ತೆ. ಅದನ್ನು ಬರೆದು ನೇತುಹಾಕೋದು ಈಗ ಮಗನ ಕೆಲಸ, ಸೋದರಮಾವನಿಗೂ ಅವನೇ ಹೇಳುತ್ತಾನೆ.