ಹಳೆ ಫಾರ್ಚೂನರ್ ಕೊಳ್ಳುವ ಮುನ್ನ: ಮೊದಲು ಇಂಜೆಕ್ಟರ್ ನೋಡಿ, ಬಣ್ಣ ಆಮೇಲೆ

2009ರಿಂದ 2016ರವರೆಗೆ ಬಿಡದಿಯ ಕಾರ್ಖಾನೆಯಲ್ಲಿ ತಯಾರಾದ ಮೊದಲ ತಲೆಮಾರಿನ ಟೊಯೊಟಾ ಫಾರ್ಚೂನರ್ ಈಗ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಧಾರಾಳವಾಗಿ ಸಿಗುತ್ತದೆ. ಗಾಡಿ ಗಟ್ಟಿ, ನಿಜ. ಮೂರು ಲಕ್ಷ ಕಿಲೋಮೀಟರ್ ಓಡಿಯೂ ಚೆನ್ನಾಗಿರುವವು ಬೇಕಾದಷ್ಟಿವೆ. ಆದರೆ ‘ಟೊಯೊಟಾ ಎಂಜಿನ್, ಏನೂ ಆಗಲ್ಲ’ ಎಂದು ನಂಬಿ, ಟೈರು, ಸೀಟು, ಬಣ್ಣ ನೋಡಿ ದುಡ್ಡು ಕೊಟ್ಟವರಿಗೆ ಆರು ತಿಂಗಳಲ್ಲೇ ಎರಡೂವರೆಯಿಂದ ನಾಲ್ಕು ಲಕ್ಷದ ಎಂಜಿನ್ ಕೆಲಸ ಬೀಳುವುದೂ ಇದೇ ಗಾಡಿಯಲ್ಲಿ. ಅಷ್ಟು ದೊಡ್ಡ ಖರ್ಚಿನ ಮೂಲ ಹೆಚ್ಚಿನ ಸಲ ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಅಡಿಯ, ಕೆಲವೇ ನೂರು ರೂಪಾಯಿಯ ಒಂದು ತಾಮ್ರದ ವಾಷರ್.

ಕೆಳಗಿನ ದರಗಳು ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಂಥ ಊರುಗಳ ಒಳ್ಳೆಯ ಖಾಸಗಿ ಗ್ಯಾರೇಜ್ ಲೆಕ್ಕದ ಅಂದಾಜು. ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಕೂಲಿ ಹೆಚ್ಚು. ಬಿಡಿಭಾಗದ ಬೆಲೆ ಆಗಾಗ ಏರುವುದರಿಂದ ಕೊಳ್ಳುವ ಹೊತ್ತಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲೋ ನಿಮ್ಮೂರಿನ ಡೀಲರ್ ಹತ್ತಿರವೋ ಒಮ್ಮೆ ಕೇಳಿಕೊಳ್ಳಿ.

ವಾಷರ್ ಹಾಳಾದರೆ ಎಂಜಿನ್ ಹೋಗುವುದು ಹೇಗೆ

ಈ ಗಾಡಿಯ 3.0 ಲೀಟರ್ ಡೀಸೆಲ್ ಎಂಜಿನ್ನಿನ ಹೆಸರು 1ಕೆಡಿ. ನಾಲ್ಕು ಸಿಲಿಂಡರ್, 2982 ಸಿಸಿ, ಡೆನ್ಸೊ ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಹೈ ಪ್ರೆಷರ್ ಕೊಳವೆಯಿಂದ ಡೀಸೆಲ್ ಕೊಡುವ ವ್ಯವಸ್ಥೆ). ಇನ್ನೋವಾದ 2.5 ಲೀಟರ್ 2ಕೆಡಿ ಇದರ ತಮ್ಮ, ಹಾಗಾಗಿ ಇಲ್ಲಿ ಹೇಳುವ ಬಹುಪಾಲು ಮಾತು ಹಳೆ ಇನ್ನೋವಾಗೂ ಸಲ್ಲುತ್ತದೆ.

ಇಂಜೆಕ್ಟರ್ ಎಂಜಿನ್ ಹೆಡ್‌ನೊಳಗೆ ಕೂರುವ ಜಾಗದ ತಳದಲ್ಲಿ ಒಂದು ತಾಮ್ರದ ವಾಷರ್ ಇರುತ್ತದೆ. ಸಿಲಿಂಡರ್‌ನಲ್ಲಿ ಉರಿದ ಗ್ಯಾಸ್ ಮೇಲಕ್ಕೆ ನುಗ್ಗದಂತೆ ತಡೆಯುವುದು ಅದರ ಕೆಲಸ. ಬೇರೆ ಎಷ್ಟೋ ಎಂಜಿನ್‌ಗಳಲ್ಲಿ ಇಂಜೆಕ್ಟರ್ ಹೊರಗೇ ಕಾಣುತ್ತದೆ. ಅಲ್ಲಿ ವಾಷರ್ ಸೋರಿದರೆ ಚುಸ್ ಚುಸ್ ಎಂಬ ಸದ್ದು ಕೇಳಿಸುತ್ತದೆ, ಸುತ್ತ ಕಪ್ಪು ಮಸಿ ಕಟ್ಟುತ್ತದೆ, ಮೆಕ್ಯಾನಿಕ್‌ಗೆ ಕೂಡಲೇ ಗೊತ್ತಾಗುತ್ತದೆ. 1ಕೆಡಿಯಲ್ಲಿ ಇಂಜೆಕ್ಟರ್‌ಗಳು ಎಂಜಿನ್ ಮೇಲ್ಭಾಗದ ಮುಚ್ಚಳವಾದ ಟ್ಯಾಪೆಟ್ ಕವರ್‌ನ ಅಡಿಯಲ್ಲಿವೆ. ಸೋರಿದ ಗ್ಯಾಸ್ ಹೊರಗೆ ಬರದೆ ನೇರ ಎಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ಮಸಿಯಾಗಿ, ಗಟ್ಟಿಯಾಗಿ, ಡಾಂಬರಿನಂಥ ಅಂಟು ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಚೇಂಬರ್‌ಗೆ ಇಳಿಯುತ್ತದೆ. ಅಲ್ಲಿ ಆಯಿಲ್ ಪಂಪ್‌ನ ಸ್ಟ್ರೈನರ್ ಜಾಲರಿಗೆ ಹತ್ತಿಕೊಳ್ಳುತ್ತದೆ. ಜಾಲರಿ ಮುಚ್ಚಿದಷ್ಟೂ ಬೇರಿಂಗ್, ಟರ್ಬೊಗೆ ಹೋಗುವ ಆಯಿಲ್ ಕಡಿಮೆ. ಆಯಿಲ್ ದೀಪ ಹತ್ತುವ ಹೊತ್ತಿಗೆ ಕ್ರ್ಯಾಂಕ್ ಬೇರಿಂಗ್ ತಿಂದು ಮುಗಿದಿರುತ್ತದೆ.

ಎರಡನೆಯ ಅಪಾಯ ಇಂಜೆಕ್ಟರ್‌ನದೇ. ಸವೆದ ಇಂಜೆಕ್ಟರ್ ಒಂದು ಸಿಲಿಂಡರ್‌ಗೆ ಅಳತೆ ಮೀರಿ ಡೀಸೆಲ್ ಸುರಿಯತೊಡಗಿದರೆ ಆ ಪಿಸ್ಟನ್ ತಲೆ ಕಾದು ಬಿರುಕು ಬಿಡುತ್ತದೆ. ಪಿಸ್ಟನ್ ಬಿರುಕು ಬಿಟ್ಟರೆ ಮುಗಿಯಿತು, ಎಂಜಿನ್ ಇಳಿಸಲೇಬೇಕು. ಪೂರ್ತಿ ಎಂಜಿನ್ ಕೆಲಸಕ್ಕೆ 2.5ರಿಂದ 4 ಲಕ್ಷ.

ನೋಡಲು ಹೋಗುವ ದಿನ

ಬೆಳಗ್ಗೆ ಹೋಗಿ. ಮಾರುವವರಿಗೆ ಮೊದಲೇ ಹೇಳಿ: ನಾವು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ. ಹೋದ ಕೂಡಲೇ ಬಾನೆಟ್ ತೆರೆದು ರೇಡಿಯೇಟರ್ ಪೈಪಿನ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದಾರೆ. ಈ ಎಂಜಿನ್ನಿನ ರೋಗ ತಣ್ಣಗಿದ್ದಾಗಲೇ ಬಾಯಿ ಬಿಡುವುದು, ಆದ್ದರಿಂದ ಇನ್ನೊಂದು ದಿನ ಬರುತ್ತೇವೆ ಎಂದು ಹೊರಡಿ.

ತಣ್ಣಗಿದ್ದರೆ ಮೊದಲು ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಮೇಲಿನ ಗೆರೆಯನ್ನು ದಾಟಿದೆಯೇ? ಬೆರಳಿಗೆ ಹಚ್ಚಿ ಮೂಸಿದರೆ ಡೀಸೆಲ್ ವಾಸನೆಯೇ? ಎರಡೂ ಹೌದಾದರೆ ಟ್ಯಾಪೆಟ್ ಕವರ್ ಒಳಗಿನ ಲೀಕ್-ಆಫ್ ಪೈಪ್ (ಇಂಜೆಕ್ಟರ್‌ನಲ್ಲಿ ಉಳಿದ ಡೀಸೆಲ್ ವಾಪಸ್ ಒಯ್ಯುವ ಪೈಪ್) ಅಥವಾ ಇಂಜೆಕ್ಟರ್ ಸೋರುತ್ತಿರಬಹುದು. ಡೀಸೆಲ್ ಆಯಿಲ್ ಕಪ್ಪಾಗಿರುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಬೆರಳುಗಳ ನಡುವೆ ಉಜ್ಜಿದಾಗ ಕಣಕಣವಾಗಿ ಸಿಕ್ಕರೆ, ಅಂಟಂಟಾಗಿ ಎಳೆ ಬಂದರೆ ಅನುಮಾನ ಪಡಿ. ಆಯಿಲ್ ತುಂಬುವ ಬಾಯಿಯ ಫಿಲ್ಲರ್ ಕ್ಯಾಪ್ ತೆಗೆದು ಒಳಗೆ ಟಾರ್ಚ್ ಹಾಕಿ. ಕ್ಯಾಪ್‌ನ ಒಳಮೈಯಲ್ಲಿ ಉಗುರಿನಿಂದ ಕೆರೆದರೂ ಬಾರದ ಕರಿ ಪದರ ಕಂಡರೆ ವಾಷರ್ ಸೋರಿದ್ದರ ಗುರುತು.

ಈಗ ಸ್ಟಾರ್ಟ್ ಮಾಡಿಸಿ. ಒಬ್ಬರು ಮುಂದೆ, ಒಬ್ಬರು ಸೈಲೆನ್ಸರ್ ಹತ್ತಿರ ನಿಲ್ಲಿ. ಆಯಿಲ್ ದೀಪ ಒಂದೆರಡು ಸೆಕೆಂಡಿನಲ್ಲಿ ಆರಬೇಕು, ತಡವಾದಷ್ಟೂ ಸ್ಟ್ರೈನರ್ ಮೇಲೆ ಗುಮಾನಿ. ಮೊದಲ ಎರಡು ಮೂರು ನಿಮಿಷ ಕಬ್ಬಿಣಕ್ಕೆ ಸುತ್ತಿಗೆಯಿಂದ ಕುಟ್ಟಿದಂತೆ ಟಕಟಕ ಸದ್ದು ಬಂದು, ಬಿಸಿಯಾದ ಮೇಲೆ ನಿಂತರೆ ಅದು ಇಂಜೆಕ್ಟರ್ ನಾಕಿಂಗ್. ‘ಡೀಸೆಲ್ ಅಲ್ವಾ ಸಾರ್, ಸ್ವಲ್ಪ ಸೌಂಡ್ ಇರುತ್ತೆ’ ಎಂಬ ಸಮಾಧಾನಕ್ಕೆ ಕಿವಿಗೊಡಬೇಡಿ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಇನ್ನೂ ಕೆಟ್ಟದ್ದು. ಐಡಲ್‌ನಲ್ಲಿ ಫಿಲ್ಲರ್ ಕ್ಯಾಪ್ ಸಡಿಲ ಮಾಡಿ ಹಾಗೇ ಮೇಲಿಟ್ಟು ನೋಡಿ. ತುಸು ಅಲುಗಾಡಿದರೆ ಪರವಾಗಿಲ್ಲ. ಕುಣಿದು ಕೆಳಗೆ ಬಿದ್ದರೆ, ಭುಸುಗುಟ್ಟಿ ಹೊಗೆ ಬಂದರೆ ಸಿಲಿಂಡರ್‌ನ ಒತ್ತಡ ಎಂಜಿನ್ನಿನೊಳಗೆ ಸೋರುತ್ತಿದೆ.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಸ್ಕ್ಯಾನರ್ ಹಾಕಿಸಿ. ಟೊಯೊಟಾದ ಟೆಕ್‌ಸ್ಟ್ರೀಮ್ ಅಥವಾ ಡೀಸೆಲ್ ಪಂಪ್ ಕೆಲಸದವರ ಹತ್ತಿರವಿರುವ ಒಳ್ಳೆಯ ಸ್ಕ್ಯಾನರ್ ಆಗಬೇಕು, ಐನೂರು ರೂಪಾಯಿಯ ಬ್ಲೂಟೂತ್ ತುಂಡಿನಲ್ಲಿ ಇದು ಸಿಗುವುದಿಲ್ಲ. ಇಂಜೆಕ್ಟರ್ ಫೀಡ್‌ಬ್ಯಾಕ್ ಎಂಬ, ಪ್ರತಿ ಸಿಲಿಂಡರ್‌ಗೆ ಡೀಸೆಲ್ ಎಷ್ಟು ಹೆಚ್ಚು ಕಡಿಮೆ ಮಾಡಲಾಗುತ್ತಿದೆ ಎಂದು ತೋರಿಸುವ ನಾಲ್ಕು ಅಂಕಿಗಳು ಕಾಣುತ್ತವೆ. ಐಡಲ್‌ನಲ್ಲಿ ನಾಲ್ಕೂ ಮೈನಸ್ 3ರಿಂದ ಪ್ಲಸ್ 3ರ ಒಳಗಿರಬೇಕು. ಒಂದೂವರೆಯ ಒಳಗಿದ್ದರೆ ಬಹಳ ಚೆನ್ನಾಗಿದೆ. ಯಾವುದಾದರೂ 3 ದಾಟಿದ್ದರೆ ಇಂಜೆಕ್ಟರ್ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡೇ ಮಾತಾಡಿ. ಈ ತಪಾಸಣೆಗೆ 1,000ದಿಂದ 2,000 ರೂಪಾಯಿ. ಹತ್ತು ಲಕ್ಷದ ವ್ಯಾಪಾರದಲ್ಲಿ ಇದನ್ನು ಉಳಿಸಲು ಹೋಗಬೇಡಿ.

ಸ್ಟ್ರೈನರ್ ನೋಡಲು ಚೇಂಬರ್ ಬಿಚ್ಚಲೇಬೇಕೆಂದಿಲ್ಲ. ಆಯಿಲ್ ಇಳಿಸಿ ಡ್ರೈನ್ ಬೋಲ್ಟ್ ತೂತಿನಿಂದ ಸಣ್ಣ ಎಂಡೋಸ್ಕೋಪ್ ಕ್ಯಾಮೆರಾ ತೂರಿಸಿದರೆ ಜಾಲರಿ ಕಾಣುತ್ತದೆ. ಮಾರುವವರು ಒಪ್ಪಿದರೆ ಹೊಸ ಆಯಿಲ್ ಖರ್ಚು ನಮ್ಮದೇ ಎಂದು ಹೇಳಿ ಮಾಡಿಸಿ. ಫಿಲ್ಟರ್ ಸೇರಿ ಸುಮಾರು 7 ಲೀಟರ್ ಆಯಿಲ್ ಹಿಡಿಯುತ್ತದೆ.

ವಾಷರ್ ಬದಲಿಸುವ ಕೆಲಸ

ಕೊಂಡ ಗಾಡಿಯಲ್ಲಿ ಈ ಕೆಲಸ ಯಾವಾಗ ಆಯಿತೆಂದು ಬಿಲ್ ಸಿಗದಿದ್ದರೆ, ಆಗಿಲ್ಲವೆಂದೇ ತಿಳಿದು ಮಾಡಿಸಿ. ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ನೋಡಬೇಕಾದ ಅಂಶಗಳಿವು.

ಮೊದಲು ಬ್ಯಾಟರಿ ಕಳಚಿ, ಎಂಜಿನ್ ಮೇಲೇ ಕೂತಿರುವ ಇಂಟರ್‌ಕೂಲರ್ ತೆಗೆಯುತ್ತಾರೆ. ಹೈ ಪ್ರೆಷರ್ ಪೈಪುಗಳನ್ನು ಬಿಚ್ಚುವ ಮೊದಲು ಸುತ್ತಲಿನ ಧೂಳನ್ನು ಗಾಳಿ ಹೊಡೆದು ತೆಗೆಯಲೇಬೇಕು, ಒಂದು ಮರಳಿನ ಕಣ ಇಂಜೆಕ್ಟರ್ ಒಳಗೆ ಹೋದರೂ ಅದು ಕೆಟ್ಟಿತು. ಬಿಚ್ಚಿದ ಬಾಯಿಗಳಿಗೆಲ್ಲ ಮುಚ್ಚಳ ಬೀಳಬೇಕು. ಯಾವ ಪೈಪ್, ಯಾವ ಇಂಜೆಕ್ಟರ್ ಎಷ್ಟನೆಯದು ಎಂದು ಗುರುತು ಹಾಕಿ ಅದೇ ಜಾಗಕ್ಕೆ ವಾಪಸ್ ಹೋಗಬೇಕು, ಯಾಕೆಂದರೆ ಪ್ರತಿ ಇಂಜೆಕ್ಟರ್‌ಗೂ ಅದರದೇ ಕೋಡ್ ಇದ್ದು ಅದು ಇಸಿಯುನಲ್ಲಿ (ಎಂಜಿನ್ ಕಂಪ್ಯೂಟರ್‌ನಲ್ಲಿ) ಸಿಲಿಂಡರ್ ಲೆಕ್ಕದಲ್ಲಿ ಬರೆದಿರುತ್ತದೆ. ಹೊಸ ಇಂಜೆಕ್ಟರ್ ಹಾಕಿದರೆ ಕೋಡಿಂಗ್ ಮಾಡಿಸದೆ ಗಾಡಿ ಬಿಡಿಸಿಕೊಳ್ಳಬೇಡಿ.

ಎಡವಟ್ಟಾಗುವುದು ಇಂಜೆಕ್ಟರ್ ಹೊರಗೆ ಬಂದ ಮೇಲೆ. ಹಳೆಯ ವಾಷರ್ ಅದರ ಜೊತೆಗೇ ಬರುತ್ತದೆಂಬ ಖಾತ್ರಿಯಿಲ್ಲ. ಎಷ್ಟೋ ಸಲ ತಳದಲ್ಲೇ ಕಚ್ಚಿಕೊಂಡಿರುತ್ತದೆ. ಅದನ್ನು ನೋಡದೆ ಹೊಸದನ್ನು ಮೇಲೆ ಕೂರಿಸಿದರೆ ಎರಡು ವಾಷರ್ ಆಗಿ ಇಂಜೆಕ್ಟರ್ ಎತ್ತರ ಏರುತ್ತದೆ, ಸೋರಿಕೆ ಮೊದಲಿಗಿಂತ ಹೆಚ್ಚಾಗುತ್ತದೆ. ತೆಗೆದ ನಾಲ್ಕು ಹಳೆ ವಾಷರ್‌ಗಳನ್ನು ನಿಮ್ಮ ಕೈಗೆ ಎಣಿಸಿಕೊಡಲು ಹೇಳಿ. ಒಂದು ಬದಿಯಲ್ಲಿ ಕಪ್ಪು ಗೆರೆ ಅಂಚಿನಿಂದ ಅಂಚಿಗೆ ಹಾದುಹೋಗಿದ್ದರೆ ಗ್ಯಾಸ್ ದಾಟಿದ್ದು ಅಲ್ಲೇ. ಕೂರುವ ತಳವನ್ನು ಮಸಿ ಉಳಿಯದಂತೆ ಒರೆಸಿ, ಟಾರ್ಚ್ ಬಿಟ್ಟು ನೋಡಿ, ಆಮೇಲೆ ಹೊಸ ವಾಷರ್. ಕ್ಲ್ಯಾಂಪ್ ಬೋಲ್ಟನ್ನು ಕೈ ಅಂದಾಜಿನಲ್ಲಿ ಬಿಗಿಯಬಾರದು, ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ. ಲೀಕ್-ಆಫ್ ಪೈಪಿನ ವಾಷರ್‌ಗಳೂ ಹೊಸದೇ ಆಗಬೇಕು. ಟ್ಯಾಪೆಟ್ ಕವರ್ ಮುಚ್ಚುವ ಮುನ್ನ ಆ ಪೈಪಿಗೆ ಗಾಳಿಯ ಒತ್ತಡ ಕೊಟ್ಟು ಸೋಪಿನ ನೀರು ಬಿಟ್ಟು ಗುಳ್ಳೆ ಬರುತ್ತದೆಯೇ ನೋಡಬೇಕು.

ವಾಷರ್, ಓ-ರಿಂಗ್, ಕವರ್ ಸೀಲ್ ಎಲ್ಲ ಸೇರಿ 2,500ರಿಂದ 5,000, ಕೂಲಿ 5,000ದಿಂದ 8,000. ಇದೇ ಹೊತ್ತಿಗೆ ಚೇಂಬರ್ ಇಳಿಸಿ ಸ್ಟ್ರೈನರ್ ತೊಳೆಸಿದರೆ ಇನ್ನು 3,000ದಿಂದ 4,000. ಹೊಸ ಆಯಿಲ್ ಹಾಕಿ 1,000 ಕಿ.ಮೀ. ಓಡಿಸಿ ಮತ್ತೆ ಬದಲಿಸಿ, ಉಳಿದ ಮಸಿ ಅದರೊಂದಿಗೆ ಹೊರಬರುತ್ತದೆ. ಇಂಜೆಕ್ಟರ್‌ಗಳೇ ಹೋಗಿದ್ದರೆ ರೀಕಂಡಿಷನ್ ಒಂದಕ್ಕೆ 10,000ದಿಂದ 15,000, ಹೊಸದು 25,000ದಿಂದ 35,000. ದುಡ್ಡು ಸಾಲದಿದ್ದರೆ ನಾಲ್ಕನ್ನೂ ಬೆಂಚ್ ಟೆಸ್ಟ್ ಮಾಡಿಸಿ ಕೆಟ್ಟದ್ದನ್ನಷ್ಟೇ ಬದಲಿಸಿ. ಟೆಸ್ಟ್ ರಿಪೋರ್ಟ್ ಕಾಗದ ಕೊಡದ ರೀಕಂಡಿಷನ್ ಇಂಜೆಕ್ಟರ್ ಬೇಡ.

ಎಂಜಿನ್ನಿನ ಉಳಿದ ಖರ್ಚು

ಟೈಮಿಂಗ್ ಬೆಲ್ಟ್ ಈ ಎಂಜಿನ್ನಿನಲ್ಲಿ ರಬ್ಬರಿನದು, ಚೈನ್ ಅಲ್ಲ. ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ. ಬಿಲ್ ಇಲ್ಲದಿದ್ದರೆ ಕೊಂಡ ವಾರವೇ ಬೆಲ್ಟ್, ಟೆನ್ಷನರ್ ಎರಡನ್ನೂ ಬದಲಿಸಿ: 8,000ದಿಂದ 15,000. ಮೀಟರ್‌ನಲ್ಲಿ ಬೆಲ್ಟ್ ದೀಪ ಆರಿದೆ ಎಂಬುದಕ್ಕೆ ಬೆಲೆ ಕೊಡಬೇಡಿ, ಬೆಲ್ಟ್ ಮುಟ್ಟದೆಯೂ ಅದನ್ನು ರೀಸೆಟ್ ಮಾಡಬಹುದು.

ಸಿಗ್ನಲ್‌ನಲ್ಲಿ ನಿಂತಾಗ ಆರ್‌ಪಿಎಂ ಮೇಲೆ ಕೆಳಗೆ ಆಡುವುದು, ಒಮ್ಮೊಮ್ಮೆ ಆಫ್ ಆಗುವುದು ಕಂಡರೆ ಡೀಸೆಲ್ ಪಂಪಿನ ಸಕ್ಷನ್ ಕಂಟ್ರೋಲ್ ವಾಲ್ವ್ ನೋಡಿಸಿ. 8,000ದಿಂದ 15,000ದಲ್ಲಿ ಮುಗಿಯುವ ಕೆಲಸಕ್ಕೆ ಪೂರ್ತಿ ಪಂಪ್ ಬದಲಿಸಿ ಎಂದು ಹೇಳುವವರಿದ್ದಾರೆ. ಅದಕ್ಕೂ ಮೊದಲು ಡೀಸೆಲ್ ಫಿಲ್ಟರ್ ಬದಲಿಸಿ ನೋಡಿ. ಕಪ್ಪು ಹೊಗೆ, ಪಿಕಪ್ ಇಲ್ಲ ಎಂದರೆ ಇಜಿಆರ್ (ಸುಟ್ಟ ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ವಾಪಸ್ ಕಳಿಸುವ ವಾಲ್ವ್) ಮತ್ತು ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಮಸಿ ಕಟ್ಟಿರುತ್ತದೆ, ಬಿಚ್ಚಿ ತೊಳೆಸಲು 5,000ದಿಂದ 8,000. ಟರ್ಬೊ ಸೀಟಿ ಹೊಡೆಯುತ್ತಿದ್ದರೆ, ಇಂಟರ್‌ಕೂಲರ್ ಪೈಪಿನೊಳಗೆ ಆಯಿಲ್ ನಿಂತಿದ್ದರೆ ರೀಕಂಡಿಷನ್‌ಗೆ 30,000ದಿಂದ 45,000, ಹೊಸದಾದರೆ ಅದರ ಎರಡು ಪಟ್ಟಿಗೂ ಹೆಚ್ಚು. ಸ್ಟ್ರೈನರ್ ಕಟ್ಟಿದ ಗಾಡಿಯಲ್ಲಿ ಸ್ಟ್ರೈನರ್ ತೊಳೆಯದೆ ಹೊಸ ಟರ್ಬೊ ಹಾಕಿದರೆ ಅದೂ ಆಯಿಲ್ ಇಲ್ಲದೆ ಸುಟ್ಟುಹೋಗುತ್ತದೆ.

ಗಾಡಿಯ ಕೆಳಗೆ

ಲಿಫ್ಟ್ ಮೇಲೆ ಏರಿಸದೆ ನಿರ್ಧಾರ ಬೇಡ. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಚಾಸಿಸ್ ಜಾಯಿಂಟುಗಳು, ಹಿಂದಿನ ಲಿಂಕ್ ಆರ್ಮ್ ಕೂರುವ ಬ್ರ್ಯಾಕೆಟ್‌ಗಳನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಮೇಲ್ಮೈ ತುಕ್ಕು ಕೆರೆದು ಬಣ್ಣ ಹೊಡೆಯಬಹುದು, ಪದರ ಕಿತ್ತುಬರುವ ಚಾಸಿಸ್ ಬಿಟ್ಟುಬಿಡಿ. ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಅದರ ಅಡಿಯಲ್ಲೇನಿದೆ ಎಂದು ಕೇಳಿ.

ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಲಿಂಕ್ ರಾಡ್ ನಮ್ಮ ರಸ್ತೆಗಳಿಗೆ ಸವೆಯುವುದು ಖಂಡಿತ, ಎರಡೂ ಕಡೆ ಮುಂಭಾಗದ ಕೆಲಸಕ್ಕೆ 20,000ದಿಂದ 35,000. ನಾಲ್ಕು ಶಾಕ್ ಅಬ್ಸಾರ್ಬರ್ ಸೇರಿದರೆ ಇನ್ನು 25,000 ಮೇಲೆ. ಗೇರ್ ಹಾಕಿ ಕ್ಲಚ್ ಬಿಡುವಾಗ ಕೆಳಗಿನಿಂದ ‘ಟಣ್’ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಯು-ಜಾಯಿಂಟ್) ಒಣಗಿದೆ. ಗ್ರೀಸ್ ಹೊಡೆದರೂ ಹೋಗದಿದ್ದರೆ ಕ್ರಾಸ್ ಬದಲಿಸಿ, ಒಂದಕ್ಕೆ ಎರಡು ಮೂರು ಸಾವಿರ.

ಈ ತಲೆಮಾರಿನ 4x4 ಮಾದರಿಯಲ್ಲಿ ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ ಹೋಗುತ್ತದೆ. ಅಂಥ ಗಾಡಿಯಲ್ಲಿ ಎರಡು ಹೊಸ, ಎರಡು ಸವೆದ ಟೈರ್ ಇದ್ದರೆ ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಸೆಂಟರ್ ಡಿಫರೆನ್ಷಿಯಲ್ ಬಿಡುವಿಲ್ಲದೆ ದುಡಿದು ಸವೆಯುತ್ತದೆ. ಅಳತೆ 265/65 ಆರ್17, ನಾಲ್ಕಕ್ಕೆ 55,000ದಿಂದ 70,000 ಇಟ್ಟುಕೊಳ್ಳಿ. ಲೋ ರೇಂಜ್ ಲಿವರ್ ಒಮ್ಮೆ ಹಾಕಿ ನೋಡಿ, ವರ್ಷಗಟ್ಟಲೆ ಮುಟ್ಟದೆ ಕಚ್ಚಿಕೊಂಡಿರುವುದುಂಟು.

ಆಟೊಮ್ಯಾಟಿಕ್ ಆದರೆ ರೇಡಿಯೇಟರ್ ಕ್ಯಾಪ್ ತಣ್ಣಗಿದ್ದಾಗ ತೆಗೆದು ನೋಡಿ. ಕೂಲಂಟ್ ಗುಲಾಬಿ ಹಾಲಿನಂತೆ ಮಂದವಾಗಿದ್ದರೆ ಗೇರ್‌ಬಾಕ್ಸ್ ಆಯಿಲ್ ಅದರಲ್ಲಿ ಬೆರೆತಿದೆ, ಆ ಗಾಡಿ ಬೇಡ.

ಕಾಗದ, ನೀರು, ದೆಹಲಿ ಗಾಡಿ

ಚಾಸಿಸ್ ನಂಬರ್ ಕೊಟ್ಟರೆ ಟೊಯೊಟಾ ಸರ್ವಿಸ್ ಸೆಂಟರ್‌ನಲ್ಲಿ ಹಳೆಯ ಸರ್ವಿಸ್ ದಾಖಲೆ, ಆಗಿನ ಕಿಲೋಮೀಟರ್ ಸಿಗುತ್ತದೆ. ಮೀಟರ್ ಹಿಂದಕ್ಕೆ ತಿರುಗಿಸಿದ್ದು ಅಲ್ಲೇ ಸಿಕ್ಕಿಬೀಳುತ್ತದೆ. 2015ರ ಚೆನ್ನೈ, 2018ರ ಕೇರಳ, 2022ರ ಬೆಂಗಳೂರು ನೆರೆಯಲ್ಲಿ ಮುಳುಗಿದ ಗಾಡಿಗಳೂ ತಿರುಗುತ್ತಿರುವ ಪೇಟೆಯಿದು. ಸೀಟ್ ಬೆಲ್ಟ್‌ಗಳನ್ನು ಕೊನೆಯ ತನಕ ಎಳೆದು ಕೆಸರಿನ ಗೆರೆ ಹುಡುಕಿ, ಕಾರ್ಪೆಟ್ ಎತ್ತಿ ಸೀಟಿನ ಬೋಲ್ಟುಗಳ ತುಕ್ಕು ನೋಡಿ.

ದೆಹಲಿಯಲ್ಲಿ ಹಳೆ ಡೀಸೆಲ್ ಗಾಡಿಗಳ ಮೇಲಿನ ನಿರ್ಬಂಧದಿಂದಾಗಿ ಅಲ್ಲಿಂದ ಅಗ್ಗಕ್ಕೆ ಬರುವ ಫಾರ್ಚೂನರ್‌ಗಳು ಇಲ್ಲಿ ಅಷ್ಟು ಅಗ್ಗವಲ್ಲ. ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಕರ್ನಾಟಕದಲ್ಲಿ ಗಾಡಿಯ ವಯಸ್ಸಿಗೆ ತಕ್ಕ ಲೈಫ್ ಟ್ಯಾಕ್ಸ್ ಕಟ್ಟಬೇಕು, ದುಬಾರಿ ಗಾಡಿಗಳಲ್ಲಿ ಅದು ಲಕ್ಷ ದಾಟಬಹುದು. ಮುಂಗಡ ಕೊಡುವ ಮುನ್ನ ನಿಮ್ಮ ಆರ್‌ಟಿಒದಲ್ಲಿ ಮೊತ್ತ ಲೆಕ್ಕ ಹಾಕಿಸಿ. ಸಾಲವಿದ್ದ ಗಾಡಿಯಾದರೆ ಸಾಲ ತೀರಿದ್ದಕ್ಕೆ ಬ್ಯಾಂಕಿನ ಫಾರಂ 35, ಹೆಸರು ಬದಲಾವಣೆಗೆ 29 ಮತ್ತು 30 ಸಹಿ ಬಿದ್ದು ಕೈಗೆ ಬರಲಿ. 15 ವರ್ಷ ಹತ್ತಿರವಾದ ಗಾಡಿಗೆ ಆರ್‌ಸಿ ನವೀಕರಣ, ಗ್ರೀನ್ ಟ್ಯಾಕ್ಸ್ ಸೇರಿಸಿ ಎಣಿಸಿ.

ಇಷ್ಟೆಲ್ಲ ನೋಡಿ ಒಳ್ಳೆಯದೆಂದು ಕಂಡ ಗಾಡಿಗೂ ಕೊಂಡ ಬೆಲೆಯ ಮೇಲೆ ಒಂದೂವರೆ ಲಕ್ಷ ಎತ್ತಿಡಿ. ಅದನ್ನು ಖರ್ಚು ಮಾಡುವ ಕ್ರಮ: ಮೊದಲು ವಾಷರ್ ಮತ್ತು ಸ್ಟ್ರೈನರ್, ಆಮೇಲೆ ಟೈಮಿಂಗ್ ಬೆಲ್ಟ್, ಬ್ರೇಕ್, ಮುಂಭಾಗದ ಬುಷ್‌ಗಳು. ಮ್ಯೂಸಿಕ್ ಸಿಸ್ಟಮ್, ಅಲಾಯ್ ವೀಲ್ ಇವೆಲ್ಲ ಮುಗಿದು ಉಳಿದ ದುಡ್ಡಿನಲ್ಲಿ.