ಡಿಸೆಂಬರಿನ ಚಳಿಯಲ್ಲಿ ಕೋಳಿಮರಿಗೆ ಕಾವು: ನನ್ನ ಅನುಭವ

ನಮ್ಮದು ಮೂಡಿಗೆರೆ ಸೀಮೆ. ಡಿಸೆಂಬರ್ ಬಂತೆಂದರೆ ಅರೇಬಿಕಾ ಕೊಯ್ಲು, ಕಣದ ತುಂಬ ಕಾಫಿ, ಹೊತ್ತು ಏರಿದರೂ ಬಿಡದ ಮಂಜು. ಆ ಗಡಿಬಿಡಿಯಲ್ಲೇ ಮೊದಲ ಸಲ 40 ಗಿರಿರಾಜ ಮರಿ ತಂದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ತಳಿ, ಹಿತ್ತಲಲ್ಲಿ ಮೇಯ್ದುಕೊಂಡೇ ಬೆಳೆಯುತ್ತದೆ, ಗಟ್ಟಿ ಜೀವ ಎಂದು ಕೇಳಿದ್ದೆ. ಬೆಳೆದ ಮೇಲೆ ಗಟ್ಟಿ, ನಿಜ. ಒಂದು ದಿನದ ಮರಿಗೆ ಮಾತ್ರ ಮೈಮೇಲೆ ಬರೀ ತುಪ್ಪುಳ. ಮೈ ಕಾವು ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕಿನ್ನೂ ಬಂದಿರುವುದಿಲ್ಲ.

ಮೂರನೇ ರಾತ್ರಿ ಕರೆಂಟ್ ಹೋಯಿತು. ಬಲ್ಬ್ ಆರಿದ್ದೇ ಮರಿಗಳು ಒಂದರ ಮೇಲೊಂದು ಬಿದ್ದು ಕಿರುಚಲು ಶುರುಮಾಡಿದವು. ನಾನು ಹಳೇ ಬಾಣಲೆಯಲ್ಲಿ ಇದ್ದಿಲು ಕೆಂಡ ತುಂಬಿ ಗೂಡಿನೊಳಗಿಟ್ಟೆ. ಗಾಳಿ ನುಗ್ಗದಿರಲೆಂದು ಕಿಂಡಿಗಳಿಗೆಲ್ಲ ಗೋಣಿಚೀಲ ತುರುಕಿ, ಮೇಲೆ ಟಾರ್ಪಾಲ್ ಎಳೆದೆ. ಸ್ವಲ್ಪ ಹೊತ್ತಿಗೆ ಸದ್ದು ಅಡಗಿತು. ಬೆಚ್ಚಗಾಯಿತು, ಮಲಗಿದವು ಅಂದುಕೊಂಡೆ. ಬೆಳಿಗ್ಗೆ ನೋಡಿದರೆ 11 ಮರಿ ಕತ್ತು ಚಾಚಿ ಬಿದ್ದಿದ್ದವು. ಕೈಗೆತ್ತಿಕೊಂಡರೆ ಮೈ ಇನ್ನೂ ಬೆಚ್ಚಗಿತ್ತು. ಚಳಿಗೆ ಸತ್ತ ಮರಿ ಬೆಚ್ಚಗಿರುವುದಿಲ್ಲ. ಇದ್ದಿಲು ಉರಿದಾಗ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿ ಆಡದ ಜಾಗದಲ್ಲಿ ಅದು ಸದ್ದಿಲ್ಲದೆ ಕೊಲ್ಲುತ್ತದೆ. ಕಿಂಡಿ ಮುಚ್ಚಿದ ಕೈ ನನ್ನದೇ. ಆ ಸಂಕಟ ಇವತ್ತಿಗೂ ಇದೆ. ಅಂದಿನಿಂದ ಗೂಡಿನೊಳಗೆ ಕೆಂಡ ಇಟ್ಟಿಲ್ಲ.

ಈಗ ಮರಿ ಬರುವ ಹಿಂದಿನ ದಿನವೇ ತಯಾರಿ. ತಗಡನ್ನು ಒಂದೂವರೆ ಅಡಿ ಎತ್ತರಕ್ಕೆ ದುಂಡಗೆ ಬಗ್ಗಿಸಿ ನಿಲ್ಲಿಸುತ್ತೇನೆ. ಮೂಲೆ ಇದ್ದರೆ ಮರಿಗಳು ಅಲ್ಲೇ ಒತ್ತರಿಸಿ, ಕೆಳಗಿನವು ಉಸಿರುಕಟ್ಟಿ ಸಾಯುತ್ತವೆ. ಕೆಳಗೆ ಎರಡು ಇಂಚು ಒಣ ಭತ್ತದ ಹೊಟ್ಟು, ಮೊದಲ ಎರಡು ದಿನ ಅದರ ಮೇಲೆ ಪೇಪರ್. ಮರಿಯೊಂದಕ್ಕೆ ಎರಡು ವ್ಯಾಟ್ ಲೆಕ್ಕದಲ್ಲಿ 40 ಮರಿಗೆ 40 ವ್ಯಾಟಿನ ಎರಡು ಬಲ್ಬ್. ಹಳೇ ಕಾಲದ ತಂತಿ ಬಲ್ಬೇ ಆಗಬೇಕು. ಎಲ್‌ಇಡಿ ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಒಂದೇ ದೊಡ್ಡ ಬಲ್ಬಿಗಿಂತ ಎರಡು ಸಣ್ಣವು ವಾಸಿ, ಒಂದು ಸುಟ್ಟುಹೋದರೂ ಇನ್ನೊಂದು ಇರುತ್ತದೆ.

ಬಲ್ಬನ್ನು ಅದರ ವೈರಿನಲ್ಲೇ ಜೋತುಬಿಡುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಒಮ್ಮೆ ನಮ್ಮದೂ ಜಾರಿತ್ತು. ಹೊಟ್ಟು ಅಂಗೈಯಗಲ ಕರಕಲಾಗಿ ಹೊಗೆಯಾಡುತ್ತಿದ್ದಾಗ, ಪುಣ್ಯಕ್ಕೆ ನಾನು ನೀರಿಡಲು ಹೋಗಿದ್ದೆ. ಈಗ ಹೋಲ್ಡರಿಗೆ ಕಬ್ಬಿಣದ ಸರಪಳಿ, ಅದು ಕಳಚಿದರೂ ಹಿಡಿಯಲೆಂದು ಬೇರೆ ಮೊಳೆಯಿಂದ ಇನ್ನೊಂದು ಗಟ್ಟಿ ತಂತಿ, ಬಲ್ಬಿನ ಸುತ್ತ ಜಾಲರಿ. ದಿನಾ ಆರಿಸಿ, ತಣಿದ ಮೇಲೆ ಕೂತ ಧೂಳು ಒರೆಸುತ್ತೇನೆ.

ಮೊದಲ ವಾರ ಮರಿಗಳ ಬೆನ್ನಿನ ಎತ್ತರದಲ್ಲಿ 35 ಡಿಗ್ರಿ ಇರಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಸರಪಳಿಯ ಒಂದೊಂದೇ ಕೊಂಡಿ ಮೇಲೇರಿಸಿದರೆ ಆಯಿತು. ಥರ್ಮಾಮೀಟರ್ ಇಟ್ಟಿದ್ದರೂ ನಾನು ನಂಬುವುದು ಮರಿಗಳನ್ನೇ. ಬಲ್ಬಿನ ಕೆಳಗೆ ಗುಂಪುಗೂಡಿ ಚೀರಿದರೆ ಚಳಿ. ತಗಡಿಗೆ ಅಂಟಿ, ರೆಕ್ಕೆ ಇಳಿಬಿಟ್ಟು ಬಾಯಿ ತೆರೆದರೆ ಸೆಕೆ. ಎಲ್ಲವೂ ಒಂದೇ ಕಡೆಗೆ ಸರಿದರೆ ಎಲ್ಲಿಂದಲೋ ಥಂಡಿ ಗಾಳಿ ಹೊಡೆಯುತ್ತಿದೆ. ಎಲ್ಲೆಂದರಲ್ಲಿ ಹರಡಿ, ಕೆಲವು ತಿನ್ನುತ್ತ ಕೆಲವು ಕಾಲು ಚಾಚಿ ಮಲಗಿದ್ದರೆ ಕಾವು ಹದವಾಗಿದೆ.

ಬೆಳೆದ ಹೇಟೆಗಳಿಗೆ ನಾನು ಬಲ್ಬೇ ಹಾಕುವುದಿಲ್ಲ. ಕೋಳಿಯ ಮೈ ಕಾವೇ 41 ಡಿಗ್ರಿಯ ಆಸುಪಾಸು. ಪುಕ್ಕ ಉಬ್ಬಿಸಿ ಕೂತರೆ ನಮ್ಮ ಮಲೆನಾಡಿನ ಚಳಿ ಅವಕ್ಕೆ ಲೆಕ್ಕಕ್ಕಿಲ್ಲ. ಅವುಗಳ ಶತ್ರು ಚಳಿಯಲ್ಲ, ತೇವ. ಕೂರುವ ಅಟ್ಟಣಿಗೆಯ ಮಟ್ಟದವರೆಗೆ ಗಾಳಿ ಬೀಸುವ ಕಡೆ ಗೋಣಿತಟ್ಟು ಕಟ್ಟಿ, ಸೂರಿನ ಕೆಳಗೆ ಒಂದಡಿ ಜಾಲರಿ ತೆರೆದೇ ಬಿಡುತ್ತೇನೆ. ಉಸಿರಿನ ಆವಿ, ಹಿಕ್ಕೆಯ ಅಮೋನಿಯಾ ಅಲ್ಲಿಂದ ಹೋಗಬೇಕು. ಬೆಳಿಗ್ಗೆ ಕೋಳಿಯ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ಉಸಿರೆಳೆದು ನೋಡಿ, ಕಣ್ಣು ಉರಿದರೆ ಹೊಟ್ಟು ಬದಲಿಸುವ ಹೊತ್ತು ಮೀರಿದೆ. ಕೂರಲು ಎರಡು ಇಂಚು ಅಗಲದ ಚಪ್ಪಟೆ ರೀಪು ಹಾಕಿದ್ದೇನೆ. ಕಾಲ್ಬೆರಳು ಹೊಟ್ಟೆಯ ಪುಕ್ಕದೊಳಗೆ ಮುಚ್ಚಿಹೋಗುತ್ತವೆ. ಸಂಜೆ ಒಂದು ಹಿಡಿ ಜೋಳದ ನುಚ್ಚು ಜಾಸ್ತಿ, ಅಷ್ಟೇ.

ಇನ್ನು ಕರೆಂಟ್ ಹೋದರೆ? ನಮ್ಮ ಕಡೆ ಬಚ್ಚಲ ಹಂಡೆಯಲ್ಲಿ ಬಿಸಿನೀರಿಗೆ ಬರವಿಲ್ಲ. ದಪ್ಪ ಗಾಜಿನ ನಾಲ್ಕೈದು ಬಾಟಲಿಗೆ ಮೊದಲು ಉಗುರುಬೆಚ್ಚನೆ ನೀರು ಹಾಕಿ ಕಾಯಿಸಿ, ಆಮೇಲೆ ಬಿಸಿನೀರು ತುಂಬಿ, ಬಿರಡೆ ಬಿಗಿದು, ಹಳೇ ಕಂಬಳಿ ಸುತ್ತಿ ಮರಿಗಳ ನಡುವೆ ಮಲಗಿಸುತ್ತೇನೆ. ತಗಡಿನ ಮೇಲೆ ಅರ್ಧಕ್ಕೆ ಮಾತ್ರ ಗೋಣಿತಟ್ಟು, ಇನ್ನರ್ಧ ಗಾಳಿಗೆ. ಎರಡು ಗಂಟೆಗೊಮ್ಮೆ ಎದ್ದು ನೀರು ಬದಲಿಸಬೇಕು. ನಿದ್ದೆ ಕೆಡುತ್ತದೆ, ಆದರೆ ಬ್ಯಾಟರಿ ಬಿಟ್ಟು ನೋಡಿದಾಗ ಮರಿಗಳು ಆ ಕಂಬಳಿ ಬಾಟಲಿಗೆ ತಾಯಿಗೆ ಒತ್ತಿಕೊಂಡಂತೆ ಒತ್ತಿಕೊಂಡು, ಮೆಲ್ಲಗೆ ಚಿಂವ್‌ಗುಡುತ್ತಿರುತ್ತವೆ.