ತಿಂಗಳ ಮಾತ್ರೆ ಲೆಕ್ಕ: ಜನೌಷಧಿ ಕೇಂದ್ರ ನಡೆಸಿದ ನನ್ನ ಅನುಭವ

ನಾನು ಫಾರ್ಮಸಿಸ್ಟ್. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಲ್ಲಿ ಜನೌಷಧಿ ಕೇಂದ್ರ, ಅಂದರೆ ಬ್ರಾಂಡ್ ಹೆಸರಿಲ್ಲದ ಮಾತ್ರೆಗಳನ್ನು ಕಮ್ಮಿ ಬೆಲೆಗೆ ಮಾರುವ ಸರ್ಕಾರಿ ಯೋಜನೆಯ ಮೆಡಿಕಲ್ ಅಂಗಡಿ ನಡೆಸುತ್ತಿದ್ದೇನೆ. ಮುಂಚೆ ಬೇರೆಯವರ ಮೆಡಿಕಲ್ ಶಾಪ್‌ನಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಪದೇ ಪದೇ ಕಂಡಿದ್ದು ಒಂದೇ ವಿಷಯ. ಆಯುಷ್ಮಾನ್ (ಸರ್ಕಾರದ ಆರೋಗ್ಯ ವಿಮೆ) ಕಾರ್ಡಿನಲ್ಲಿ ಹಾರ್ಟ್‌ನ ರಕ್ತನಾಳ ತೆರೆದಿಡುವ ಸ್ಟೆಂಟ್ ಹಾಕಿಸಿಕೊಂಡು ಬಂದವರು, ಕೆಲವು ತಿಂಗಳಾದ ಮೇಲೆ ಚೀಟಿ ಚಾಚಿ "ಹತ್ತು ದಿನದ್ದು ಕೊಡಿ ಸಾಕು" ಅನ್ನುತ್ತಿದ್ದರು. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಮಾತ್ರೆಯನ್ನು ಮಧ್ಯದಲ್ಲಿ ಬಿಟ್ಟರೆ ಏನಾಗುತ್ತದೆ ಅಂತ ಗೊತ್ತಿದ್ದವರಿಗೆ ಈ ಮಾತು ಕೇಳಿದರೆ ಹೆದರಿಕೆ ಆಗುತ್ತದೆ.

ಆಯುಷ್ಮಾನ್ ಯೋಜನೆಯ ತಪ್ಪು ಅಂತ ನಾನು ಹೇಳುತ್ತಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಶುರುವಾದ ಈ ಯೋಜನೆ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತದೆ. ಮನೆಯಲ್ಲಿ ಎಷ್ಟು ಜನ ಇದ್ದರೂ ಸರಿ, ಕಾಯಿಲೆ ಮೊದಲೇ ಇದ್ದರೂ ಸರಿ. ಎಷ್ಟೋ ಮನೆಗಳ ಹೊಲ ಉಳಿದಿದ್ದು ಇದರಿಂದಲೇ. ಆದರೆ ಅದು ಅಡ್ಮಿಟ್ ಆದವರ ಖರ್ಚಿಗೆ ಇರೋದು. ಡಿಸ್ಚಾರ್ಜ್ ಆದ ಮೇಲೆ 15 ದಿನದವರೆಗಿನ ಔಷಧ ಅದರಲ್ಲೇ ಬರುತ್ತದೆ. ಹದಿನಾರನೇ ದಿನದಿಂದ? ಬಿಪಿ, ಶುಗರ್, ಕೊಲೆಸ್ಟ್ರಾಲ್ ಮಾತ್ರೆಗಳು ವರ್ಷಗಟ್ಟಲೆ ನುಂಗುವಂಥವು. ಆ ದುಡ್ಡು ಸಂಬಳದಿಂದಲೋ ಹಾಲಿನ ಡೇರಿ ಬಿಲ್ಲಿನಿಂದಲೋ ಬರಬೇಕು. ಈ ಜಾಗದಲ್ಲಿ ಜನೌಷಧಿ ಕೆಲಸಕ್ಕೆ ಬರುತ್ತದೆ ಅಂತ ಅನ್ನಿಸಿ ಅರ್ಜಿ ಹಾಕಿದೆ.

ಅಂಗಡಿ ತೆರೆಯೋದು ಅಂಥ ಕಷ್ಟವೇನಲ್ಲ. 120 ಚದರ ಅಡಿ ಜಾಗ, ಫಾರ್ಮಸಿ ಕೌನ್ಸಿಲ್ ನೋಂದಣಿ, 5,000 ರೂಪಾಯಿ ಅರ್ಜಿ ಶುಲ್ಕ, ಆಮೇಲೆ ಔಷಧ ನಿಯಂತ್ರಣ ಇಲಾಖೆಯ ಲೈಸೆನ್ಸ್. ಮಹಿಳೆಯರು, ಎಸ್‌ಸಿ-ಎಸ್‌ಟಿಯವರು, ಅಂಗವಿಕಲರಿಗೆ ಶುಲ್ಕ ಇಲ್ಲ. ಲಾಭದ ಲೆಕ್ಕ ಮಾತ್ರ ಮೊದಲೇ ಅರ್ಥ ಮಾಡಿಕೊಳ್ಳಿ. ತೆರಿಗೆ ಬಿಟ್ಟು ಎಂಆರ್‌ಪಿ ಮೇಲೆ 20% ಮಾರ್ಜಿನ್. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ 20 ರೂಪಾಯಿ ಸ್ಟ್ರಿಪ್ ಮಾರಿದರೆ ಕೈಗೆ ಸಿಗೋದು ಹತ್ತಿರ ಹತ್ತಿರ 4 ರೂಪಾಯಿ. ಅದೇ ಮದ್ದಿನ ದುಬಾರಿ ಬ್ರಾಂಡ್ ಮಾರುವವನಿಗೆ ಒಂದೇ ಸ್ಟ್ರಿಪ್‌ನಲ್ಲಿ ಅದರ ಎಷ್ಟೋ ಪಟ್ಟು ಸಿಗುತ್ತದೆ. ತಿಂಗಳ ಖರೀದಿಯ ಮೇಲೆ 20,000 ರೂಪಾಯಿ ಮೀರದ ಹಾಗೆ ಪ್ರೋತ್ಸಾಹಧನ ಇದೆ, ಅದಕ್ಕೆ ನಿಗದಿತ 200 ಔಷಧ ಸ್ಟಾಕ್ ಇಟ್ಟಿರಬೇಕು. ಒಟ್ಟಿನಲ್ಲಿ ಜನ ಜಾಸ್ತಿ ಬಂದರೆ ಅಂಗಡಿ ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ.

ಜನ ಬಂದರು. ಚೀಟಿ ತಂದರು. ಚೀಟಿಯಲ್ಲಿ ಬ್ರಾಂಡ್ ಹೆಸರು ಇತ್ತು. ನಿಜವಾದ ತೊಡಕು ಇಲ್ಲೇ. ಬ್ರಾಂಡ್ ಹೆಸರು ಬರೆದಿದ್ದರೆ ಅದರೊಳಗಿನ ಮದ್ದೇ ಇರುವ ಬೇರೆ ಮಾತ್ರೆಯನ್ನು ನಾನಾಗಿ ಕೊಡುವ ಹಾಗಿಲ್ಲ. 1945ರ ಔಷಧ ನಿಯಮಗಳಲ್ಲಿ 65ನೇ ನಿಯಮ ಇದನ್ನು ನೇರವಾಗಿ ಹೇಳುತ್ತದೆ. ಶೆಡ್ಯೂಲ್ ಎಚ್, ಅಂದರೆ ಡಾಕ್ಟರ್ ಚೀಟಿ ಇದ್ದರೆ ಮಾತ್ರ ಮಾರಬಹುದಾದ ಔಷಧಗಳಿಗೆಲ್ಲ ಇದು ಅನ್ವಯ, ಬಿಪಿ-ಶುಗರ್ ಮಾತ್ರೆಗಳು ಬಹುತೇಕ ಅದರಲ್ಲೇ ಬರುತ್ತವೆ. ಸರ್ಕಾರವೇ ಕಮ್ಮಿ ಬೆಲೆಯ ಮಾತ್ರೆ ಕೊಟ್ಟು, ಸರ್ಕಾರದ್ದೇ ನಿಯಮ ಅದನ್ನು ಕೊಡಬೇಡ ಅನ್ನುತ್ತದೆ. ಸುಮ್ನೆ ಕಣ್ಣು ಮುಚ್ಚಿ ಕೊಡುವವರು ಇದ್ದಾರೆ. ನನಗೆ ಅದು ಬೇಡವಾಗಿತ್ತು.

ಹಾಗಾಗಿ ಡಾಕ್ಟರ್‌ಗಳ ಹತ್ತಿರವೇ ಹೋದೆ. ಕೈಯಲ್ಲಿ ನನ್ನ ಅಂಗಡಿಯಲ್ಲಿ ಆವತ್ತು ಇರುವ ಔಷಧಗಳ ಪಟ್ಟಿ, ಒಂದೇ ಹಾಳೆ. ಜನೌಷಧಿಯ ಪೂರ್ತಿ ಪಟ್ಟಿಯಲ್ಲಿ 2,000ಕ್ಕೂ ಜಾಸ್ತಿ ಔಷಧ ಇವೆ, ಅದನ್ನು ಕೊಟ್ಟರೆ ಯಾರೂ ಓದುವುದಿಲ್ಲ. ಮದ್ದಿನ ಹೆಸರಿನಲ್ಲೇ ಚೀಟಿ ಬರೆಯಬೇಕು ಅಂತ ಆಗಿನ ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ಹೇಳಿದೆ ಅಂತ ನಾನು ಅವರಿಗೆ ಪಾಠ ಮಾಡಲಿಲ್ಲ, ಅವರಿಗೆ ಅದು ಗೊತ್ತು. ಅವರು ಕೇಳಿದ್ದು ಗುಣಮಟ್ಟದ ಬಗ್ಗೆ. ಗೋದಾಮಿಗೆ ಬಂದ ಪ್ರತಿ ಬ್ಯಾಚನ್ನೂ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿನಲ್ಲಿ ಪರೀಕ್ಷಿಸಿ ಆಮೇಲೆ ಅಂಗಡಿಗೆ ಬಿಡುತ್ತಾರೆ ಅಂತ ವಿವರಿಸಿದೆ. ಕೆಲವರು ಒಪ್ಪಿದರು. ಒಬ್ಬರು "ನನ್ನ ಪೇಷೆಂಟ್‌ಗಳನ್ನ ಪ್ರಯೋಗಕ್ಕೆ ಕೊಡಲ್ಲ" ಅಂದರು, ನಾನು ವಾದ ಮಾಡಲಿಲ್ಲ. ಆಮೇಲೆ ಅವರ ಪೇಷೆಂಟ್‌ಗಳೇ "ಜನೌಷಧಿ ಹೆಸರಲ್ಲಿ ಬರೆದುಕೊಡಿ ಸಾರ್" ಅಂತ ಕೇಳತೊಡಗಿದರು. ಈಗ ಅವರೂ ಕೆಲವು ಮಾತ್ರೆಗಳಿಗೆ ಬರೆಯುತ್ತಾರೆ.

ಡಾಕ್ಟರ್ ಒಪ್ಪಿದರೂ ಅಜ್ಜಿ ಒಪ್ಪಬೇಕಲ್ಲ!

"ನಂದು ಕೆಂಪು ಮಾತ್ರೆ ಕಣಪ್ಪ, ಇದು ಬಿಳಿ ಐತೆ."

ಇದಕ್ಕೆ ನಾನು ಮಾಡೋದು ಇಷ್ಟೇ. ಹಳೇ ಸ್ಟ್ರಿಪ್ ತನ್ನಿ ಅನ್ನುತ್ತೇನೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಕಂಪನಿಯವರು ಇಟ್ಟ ಹೆಸರು ಯಾವುದು, ಒಳಗಿರೋ ಮದ್ದಿನ ಹೆಸರು ಯಾವುದು ಅಂತ ಬೆರಳಿಟ್ಟು ತೋರಿಸುತ್ತೇನೆ. ಬಿಪಿ ಮದ್ದು ಟೆಲ್ಮಿಸಾರ್ಟನ್ 40 ಇಲ್ಲೂ ಇದೆ, ಅಲ್ಲೂ ಇದೆ. ಓದು ಬಾರದವರ ಜೊತೆ ಮೊಮ್ಮಗನೋ ಸೊಸೆಯೋ ಇದ್ದರೆ ಅವರ ಹತ್ತಿರ ಓದಿಸುತ್ತೇನೆ. ನನ್ನ ಬಾಯಿಂದ ಕೇಳಿದ್ದಕ್ಕಿಂತ ಮನೆಯವರು ಓದಿದ್ದನ್ನು ಜಾಸ್ತಿ ನಂಬುತ್ತಾರೆ. ಆಮೇಲೆ ಮುಖ್ಯವಾದ ಮಾತು: ಮನೆಯಲ್ಲಿ ಹಳೇದು ಉಳಿದಿದ್ದರೆ ಅದು ಮುಗಿದ ಮೇಲೆ ಇದು, ಎರಡನ್ನೂ ಒಟ್ಟಿಗೆ ನುಂಗಬಾರದು. ಬಣ್ಣ ಬೇರೆ ಅಂದರೆ ಮದ್ದು ಬೇರೆ ಅಂತ ತಿಳಿದು ಎರಡನ್ನೂ ನುಂಗಿ ಬಿಪಿ ಇಳಿದು ತಲೆ ಸುತ್ತಿ ಬೀಳುವುದು ಇದೆ. ಹೊಸ ಸ್ಟ್ರಿಪ್ ಹಿಂದೆ ಮಾರ್ಕರ್‌ನಲ್ಲಿ ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದು ಕೊಡುತ್ತೇನೆ.

ಎಲ್ಲ ಮಾತ್ರೆಯನ್ನೂ ಬದಲಾಯಿಸಿ ಅಂತ ನಾನು ಹೇಳುವುದಿಲ್ಲ. ಥೈರಾಯ್ಡ್, ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಒಂದೇ ಕಡೆಯದ್ದನ್ನು ಮುಂದುವರಿಸಿ, ಬದಲಾಯಿಸಲೇಬೇಕಾದರೆ ಡಾಕ್ಟರ್‌ಗೆ ಹೇಳಿ ಬದಲಾಯಿಸಿ ಅನ್ನುತ್ತೇನೆ. ಥೈರಾಯ್ಡ್ ಆದರೆ ಆರೆಂಟು ವಾರ ಬಿಟ್ಟು ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತ ಪರೀಕ್ಷೆ) ನೋಡಿಸಬೇಕು. ಎರಡು ಮೂರು ಮದ್ದು ಸೇರಿಸಿದ ಮಾತ್ರೆಗಳಲ್ಲೂ ಹುಷಾರಾಗಿರಬೇಕು. ಅದೇ ಜೋಡಿ, ಅದೇ ಪ್ರಮಾಣ ನಮ್ಮಲ್ಲಿ ಇಲ್ಲದಿದ್ದರೆ ಬಿಡಿಬಿಡಿಯಾಗಿ ಕೊಟ್ಟು ನಾನೇ ಜೋಡಿಸಲು ಹೋಗುವುದಿಲ್ಲ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಎಸ್‌ಆರ್ (ನಿಧಾನವಾಗಿ ಕರಗುವಂಥದ್ದು) ಬರೆದಿದ್ದರೆ ಎಸ್‌ಆರ್ ಆಗಿರಲೇಬೇಕು. ನಿಧಾನವಾಗಿ ಕರಗುವ ಮಾತ್ರೆಗೂ ಮಾಮೂಲಿ ಮಾತ್ರೆಗೂ ವ್ಯತ್ಯಾಸ ಇದೆ.

ಇನ್ನೊಂದು ಮಾತು, ವ್ಯಾಪಾರಕ್ಕೆ ಒಳ್ಳೇದಲ್ಲ ಆದರೂ ಹೇಳುತ್ತೇನೆ. ಬಿಪಿ, ಶುಗರ್‌ನ ಸಾಮಾನ್ಯ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಯುಷ್ಮಾನ್ ಆರೋಗ್ಯ ಮಂದಿರ ಅನ್ನುವ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತವೆ. ತೀರಾ ಕಷ್ಟದಲ್ಲಿರುವವರಿಗೆ ಮೊದಲು ಅಲ್ಲಿ ವಿಚಾರಿಸಿ, ಸಿಗದೇ ಇದ್ದದ್ದಕ್ಕೆ ಮಾತ್ರ ನನ್ನಲ್ಲಿಗೆ ಬನ್ನಿ ಅನ್ನುತ್ತೇನೆ. ಹಾಗೆ ಕಳಿಸಿದವರಲ್ಲಿ ಬಹಳ ಜನ ಬೇರೇನಾದರೂ ತೆಗೆದುಕೊಳ್ಳಲು ವಾಪಸ್ ಬರುತ್ತಾರೆ. ಹೆಣ್ಣುಮಕ್ಕಳು ಜನೌಷಧಿಯ ಸುವಿಧಾ ಸ್ಯಾನಿಟರಿ ಪ್ಯಾಡ್‌ಗೆ ಬರುತ್ತಾರೆ, ಒಂದಕ್ಕೆ 1 ರೂಪಾಯಿ.

ತಿಂಗಳ ಗಿರಾಕಿಗಳಿಗೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ: ಯಾರಿಗೆ ಯಾವ ಮಾತ್ರೆ, ಯಾವ ತಾರೀಖಿಗೆ ಮುಗಿಯುತ್ತದೆ. ಅದನ್ನು ನೋಡಿ ವಾರ ಮುಂಚೆಯೇ ಆರ್ಡರ್ ಹಾಕುತ್ತೇನೆ. ಹಳ್ಳಿಯಿಂದ ಬಸ್ ಹಿಡಿದು ಬಂದವರನ್ನು ಒಂದು ಸಲ "ಸ್ಟಾಕ್ ಇಲ್ಲ" ಅಂತ ಕಳಿಸಿದರೆ ಇನ್ನೊಮ್ಮೆ ಬರುವುದು ಅನುಮಾನ. ಹೊಸದಾಗಿ ಕೇಂದ್ರ ತೆರೆಯುವವರು ಜಾಗ ಹುಡುಕುವಾಗ ಮೇನ್ ರೋಡ್‌ಗೆ ಬೀಳಬೇಡಿ, ಆ ಬಾಡಿಗೆ ಈ ಮಾರ್ಜಿನ್‌ನಲ್ಲಿ ಏಳುವುದಿಲ್ಲ. ಮದ್ದಿನ ಹೆಸರು ಬರೆಯಲು ಒಪ್ಪುವ ಡಾಕ್ಟರ್ ಎಲ್ಲಿ ಕೂರುತ್ತಾರೆ ಅಂತ ಮೊದಲು ನೋಡಿ, ಆಮೇಲೆ ಅದರ ಸುತ್ತಮುತ್ತ ಒಂದು ಅಡ್ಡರಸ್ತೆಯಲ್ಲಿ ಮಳಿಗೆ ಕೇಳಿ.